ಸೀಸನ್ ಮುಗಿಯಲಿ

ಬಸ್ಸಿನಿಂದ ಇಳಿದು ಬ್ಯಾಗು ಹೆಗಲಿಗೇರಿಸುವುದರೊಳಗೆ ಮೂವರು ಬಂದು ಮುತ್ತಿಕೊಂಡರು. ರೂಮ್ ಬೇಕಾ ಮೇಡಂ, ನೀರು ಕಾಣುವ ರೂಮ್ ಇದೆ ಮೇಡಂ, ಬೆಳಿಗ್ಗೆ ಟೀ ಫ್ರೀ ಮೇಡಂ. ನಾನು ಇದೇ ಊರಿನವಳು, ನೀವು ಹುಟ್ಟುವ ಮೊದಲೇ ಈ ರಸ್ತೆಯಲ್ಲಿ ಓಡಾಡಿದವಳು ಎಂದು ಗದರಿದೆ. ಅವರಲ್ಲೊಬ್ಬ ಹಲ್ಲು ಕಿರಿದು, ಎಲ್ಲರೂ ಹಾಗೇ ಹೇಳುತ್ತಾರೆ, ರೇಟು ಇಳಿಯಲಿ ಎಂದು, ಅಂದ. ಇಪ್ಪತ್ತೆಂಟು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಟೀಚರ್ ನಾನು. ಅವನಿಗೆ ತಕ್ಕ ಉತ್ತರ ಕೊಡದೆ ಬಿಡುವವಳಲ್ಲ. ಆದರೆ ಕೈಯಲ್ಲಿ ನೀರಿನ ಬಾಟಲಿ, ಮೂಗಿನ ಮೇಲೆ ಕಪ್ಪು ಕನ್ನಡಕ, ದಾರಿ ಹುಡುಕುವ ಮುಖ. ಅವನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಸರೋವರದ ರಸ್ತೆಗೆ ಹೊರಳಿದೆ. ಮರದಿಂದ ಮರಕ್ಕೆ ಬಣ್ಣದ ಬಲ್ಬುಗಳ ಸರ, ಹಗಲಲ್ಲೇ ಉರಿಯುತ್ತಿದ್ದವು. ಚೌಕದಲ್ಲಿ ಬ್ಯಾಂಡಿನವರು ಕೂತು ತಮ್ಮ ಕಹಳೆಗಳನ್ನು ಒರೆಸಿಕೊಳ್ಳುತ್ತಿದ್ದರು. ಹಂಸದ ಆಕಾರದ ದೋಣಿಗಳು ಮೊದಲು ಬೆಳ್ಳಗಿದ್ದವು, ಈಗ ಯಾರೋ ಪುಣ್ಯಾತ್ಮರು ಗುಲಾಬಿ ಬಣ್ಣ ಬಳಿದಿದ್ದರು. ಬಲೂನಿನವನ ಪೀಪಿ, ಅಪ್ಪಂದಿರ ಹೆಗಲೇರಿದ ಮಕ್ಕಳು, ಫೋಟೊಗೆ ನಗುತ್ತಾ ನಿಂತವರು. ಚಿಕ್ಕವಳಿದ್ದಾಗ ಇದನ್ನೆಲ್ಲ ಅಡುಗೆಮನೆಯ ಪಕ್ಕದ ಕಿಟಕಿಯಿಂದ ಕತ್ತು ಚಾಚಿ ನೋಡುತ್ತಿದ್ದೆ, ಇದರೊಳಗೆ ಹೋಗಿ ಸೇರಿಕೊಳ್ಳಲು ಜೀವ ಹಪಹಪಿಸುತ್ತಿತ್ತು. ಈಗ ಇದರ ನಟ್ಟನಡುವೆ ನಡೆಯುತ್ತಿದ್ದೆ, ಜೀವ ಹಪಹಪಿಸುತ್ತಿದ್ದುದು ಆ ಅಡುಗೆಮನೆಗೆ. ಅಲ್ಲಿ ನನ್ನ ಅಕ್ಕ ಇದ್ದಾಳೆ. ಹನ್ನೊಂದು ವರ್ಷದಿಂದ ನಾನು ಅವಳ ಮುಖ ನೋಡಿರಲಿಲ್ಲ. ಅವಳು ನನ್ನನ್ನು ಒಳಗೆ ಕರೆಯುತ್ತಾಳೋ ಇಲ್ಲವೋ, ಅಷ್ಟು ತಿಳಿದುಕೊಂಡು ಹೋಗಲು ಬಂದಿದ್ದೆ.

ನಮ್ಮ ಮನೆಯ ಮುಂಬಾಗಿಲು ತೆರೆದೇ ಇತ್ತು. ಹಜಾರದ ಮೇಜಿನ ಹಿಂದೆ ಅಕ್ಕ ಕೂತಿದ್ದಳು. ಕನ್ನಡಕಕ್ಕೆ ದಾರ, ಸೊಂಟದಲ್ಲಿ ಬೀಗದ ಕೈ ಗೊಂಚಲು, ತಲೆ ಪೂರ್ತಿ ಬೆಳ್ಳಗೆ. ತಲೆಯೆತ್ತಿ ನನ್ನನ್ನು ನೋಡಿದಳು, ನನ್ನ ಬ್ಯಾಗನ್ನು ನೋಡಿದಳು. ಎಷ್ಟು ದಿನ ಎಂದು ಕೇಳಿದಳು. ನಾಲ್ಕು ದಿನ ಎಂದೆ. ಬರಬೇಕಾದವರು ಬರಲಿಲ್ಲ, ಒಂದನೇ ನಂಬರ್ ಖಾಲಿ ಇದೆ ಎಂದು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದಳು. ಬಿಸಿನೀರು ಆರರಿಂದ ಎಂಟರವರೆಗೆ. ಹುಟ್ಟಿದ ಮನೆಯಲ್ಲಿ ನಿಂತು ಹೆಸರು, ವಿಳಾಸ, ಎಲ್ಲಿಂದ ಬಂದಿರಿ ಎಂಬ ಕಾಲಂ ತುಂಬಿದೆ.

ಒಂದನೇ ನಂಬರ್ ಎಂದರೆ ಸರೋವರಕ್ಕೆ ಎದುರಾದ ಮಹಡಿಯ ಕೋಣೆ, ಮನೆಗೆಲ್ಲ ಚೆನ್ನಾದದ್ದು. ಮಂಚದ ಮೇಲೆ ಎರಡು ದಿಂಬು, ಮಡಿಸಿದ ಟವೆಲು, ಕಾಗದ ಬಿಚ್ಚದ ಸಣ್ಣ ಸೋಪು. ಸೀಸನ್ನಿನಲ್ಲಿ ಆ ಕೋಣೆಯಲ್ಲಿ ನಾನು ಮಲಗಿದ್ದು ಅದೇ ಮೊದಲು. ಸೀಸನ್ ಎಂದರೆ ನಮ್ಮೂರಿಗೆ ಜನ ನುಗ್ಗುವ ಎರಡು ತಿಂಗಳು. ಬೇರೆ ಊರಿನ ಮಕ್ಕಳು ಶಾಲೆಗೆ ರಜೆ ಬಿಟ್ಟ ದಿನ ಕುಣಿದಾಡಿದರೆ ನಾನೂ ಅಕ್ಕನೂ ಅಂದು ನಮ್ಮ ಮಂಚಗಳನ್ನು ಕಂಡವರಿಗೆ ಬಿಟ್ಟುಕೊಡುತ್ತಿದ್ದೆವು. ಅಮ್ಮ ಟ್ರಂಕು ಎಳೆದು ಹಜಾರದಲ್ಲಿ ಇಡುತ್ತಿದ್ದಳು. ಗೋಡೆಯ ಮೇಲಿನ ಅಪ್ಪನ ಫೋಟೊ, ನಮ್ಮ ಚಪ್ಪಲಿ, ಬಾಚಣಿಗೆ, ನನ್ನ ಗೊಂಬೆ, ಅಕ್ಕನ ಪುಸ್ತಕ, ಎಲ್ಲ ಅದರೊಳಗೆ. ಬಂದವರಿಗೆ ಇದು ತಮ್ಮದೇ ಮನೆ ಎನ್ನಿಸಬೇಕಂತೆ, ಹಾಗೆ ಎನ್ನಿಸಬೇಕಾದರೆ ಇಲ್ಲಿ ಬೇರೆ ಯಾರೂ ವಾಸವಿದ್ದ ಗುರುತು ಇರಬಾರದಂತೆ. ನಾವು ಮೂವರೂ ಅಡುಗೆಮನೆಯ ನೆಲದ ಮೇಲೆ ಒಂದೇ ಚಾಪೆಯಲ್ಲಿ ಮಲಗುತ್ತಿದ್ದೆವು. ಓಡಾಟವೆಲ್ಲ ಹಿತ್ತಿಲ ಬಾಗಿಲಿಂದ. ಜೋರಾಗಿ ನಗುವ ಹಾಗಿಲ್ಲ, ಕೆಮ್ಮು ಬಂದರೆ ದಿಂಬಿಗೆ ಬಾಯಿ ಒತ್ತಿ ಕೆಮ್ಮಬೇಕು. ಹೊಸ ಬಟ್ಟೆ ಕೇಳಿದರೂ, ಹಲ್ಲುನೋವು ಎಂದರೂ ಅಮ್ಮನದು ಒಂದೇ ಮಾತು: ಸೀಸನ್ ಮುಗಿಯಲಿ. ಅದು ಮುಗಿಯುವಷ್ಟರಲ್ಲಿ ನೋವಿನ ಹಲ್ಲು ತಾನಾಗಿಯೇ ಬಿದ್ದುಹೋಗಿರುತ್ತಿತ್ತು.

ಅಪ್ಪ ಹೋದಾಗ ಅಕ್ಕನಿಗೆ ಹದಿನೈದು, ನನಗೆ ಎಂಟು. ಶಾಲೆ ಬಿಟ್ಟು ಅಮ್ಮನ ಜೊತೆ ಕೆಲಸಕ್ಕೆ ನಿಂತವಳು ಮತ್ತೆ ಸುಮ್ಮನೆ ಕೂತದ್ದನ್ನು ನಾನು ನೋಡಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಆರು ಕೋಣೆಗೂ ಹತ್ತಿ ಇಳಿಯುತ್ತಿದ್ದಳು. ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿಯೇ, ಇವರು ಎರಡು ದಿನಕ್ಕೆ ಜಗಳವಾಡಿ ಹೊರಡುತ್ತಾರೆ, ಇವರು ವಾರ ಕಳೆದರೂ ಏಳುವುದಿಲ್ಲ ಎನ್ನುತ್ತಿದ್ದಳು. ಹತ್ತಕ್ಕೆ ಒಂಬತ್ತು ಸಲ ಸರಿ. ಒಂದು ಸಲ ಮಾತ್ರ ಅವಳ ಲೆಕ್ಕ ತಪ್ಪಿತು. ಅವಳನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು, ಅವರು ಒಂದು ದಿನ ಮೊದಲೇ ಬಂದುಬಿಟ್ಟರು. ಇವಳು ಅವರನ್ನು ಬಾಡಿಗೆಗೆ ಬಂದವರೆಂದೇ ತಿಳಿದು, ಗಂಡಿನ ತಾಯಿಯ ಕೈಗೆ ಬೀಗದ ಕೈ ಕೊಟ್ಟು, ಕೋಣೆಯಲ್ಲಿ ಬಟ್ಟೆ ಒಗೆಯುವ ಹಾಗಿಲ್ಲ, ಒದ್ದೆ ಕಾಲಲ್ಲಿ ಮೆಟ್ಟಿಲು ಹತ್ತುವ ಹಾಗಿಲ್ಲ, ಹೊರಡುವಾಗ ಟವೆಲು ಎಣಿಸಿ ಕೊಡಬೇಕು ಎಂದು ಗಿಣಿಪಾಠ ಒಪ್ಪಿಸಿದಳು. ಆಕೆ ಮುಖ ಊದಿಸಿಕೊಂಡು ಅದೇ ಬಸ್ಸಿಗೆ ವಾಪಸ್ಸಾದಳು. ಆ ಕಥೆ ಹೇಳಿ ನಾವು ಎಷ್ಟೋ ವರ್ಷ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಅಕ್ಕನೂ ನಗುತ್ತಿದ್ದಳು. ಅವಳಿಗೆ ಆಮೇಲೆ ಮದುವೆಯೇ ಆಗಲಿಲ್ಲ ಎಂಬುದು ನನಗೆ ಹೊಳೆದದ್ದು ನನ್ನ ಮದುವೆಯ ದಿನ. ನನ್ನನ್ನು ಓದಿಸಿ, ಸೀಸನ್ ಮುಗಿದ ಎರಡನೇ ವಾರ ನನ್ನ ಮದುವೆ ಮಾಡಿ, ಅವಳು ಮತ್ತೆ ಹಾಸಿಗೆ ಕೊಡವಲು ಹೋದಳು.

ಅಮ್ಮ ಹೋದದ್ದೂ ಸೀಸನ್ನಿನಲ್ಲೇ, ಒಂದು ಮಧ್ಯಾಹ್ನ. ಅಕ್ಕ ಫೋನ್ ಮಾಡಿದ ಕೂಡಲೇ ಹೊರಟೆ. ಈ ಊರಿಗೆ ಬರುವ ಒಂದು ಬಸ್ಸಿನಲ್ಲೂ ಜಾಗವಿಲ್ಲ, ಎಲ್ಲ ರಜೆಯವರು. ಕೊನೆಗೆ ಒಂದರೊಳಗೆ ನುಗ್ಗಿ ಹತ್ತು ಗಂಟೆ ನಿಂತುಕೊಂಡೇ ಬಂದೆ. ಸುತ್ತ ಅಂತ್ಯಾಕ್ಷರಿ ಆಡುತ್ತಿದ್ದರು. ನಮ್ಮಮ್ಮ ಸತ್ತಿದ್ದಾಳೆ, ಸ್ವಲ್ಪ ಸುಮ್ಮನಿರಿ ಎಂದು ಯಾರಿಗೆ ಹೇಳಲಿ? ಮನೆ ಮುಟ್ಟುವಾಗ ಬೆಳಿಗ್ಗೆ ಒಂಬತ್ತಾಗಿತ್ತು. ಎಲ್ಲ ಮುಗಿದಿತ್ತು. ಮೇಲಿನವರು ಏಳುವ ಮೊದಲೇ ಅಮ್ಮನನ್ನು ಹಿತ್ತಿಲ ಬಾಗಿಲಿಂದ ಸಾಗಿಸಿ, ಅಕ್ಕ ಎಂಟಕ್ಕೆ ಸರಿಯಾಗಿ ಆರು ಕೋಣೆಗೂ ತಿಂಡಿ ಕೊಟ್ಟಿದ್ದಳು. ನಾನು ಹೋದಾಗ ದಿಂಬಿನ ಚೀಲ ಎಣಿಸುತ್ತಿದ್ದಳು. ಮೇಲೆ ಯಾರದೋ ರೇಡಿಯೊ ಹಾಡುತ್ತಿತ್ತು.

ನನಗೆ ಮೂಗಿನ ತುದಿಯಲ್ಲೇ ಕೋಪ. ಬಾಯಿಗೆ ಬಂದದ್ದು ಅಂದುಬಿಟ್ಟೆ.

"ನಾನು ಬರೋ ತನಕ ಕಾಯೋಕಾಗ್ಲಿಲ್ವಾ? ನಿನಗೆ ಅಮ್ಮನಿಗಿಂತ ಈ ಬಾಡಿಗೆಯೋರೇ ಹೆಚ್ಚಾದ್ರಾ?"

"ಮೆಲ್ಲಗೆ ಮಾತಾಡು, ಮೇಲೆ ಜನ ಇದಾರೆ. ಸೀಸನ್ ಮುಗೀಲಿ, ಮಾತಾಡೋಣ" ಎಂದಳು ಅಕ್ಕ.

ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಬೇಕೆಂದೇ ಮುಂಬಾಗಿಲಿಂದ ಹೊರಗೆ ಹೋಗಿ ಆರು ಕೋಣೆಗೂ ಕೇಳುವ ಹಾಗೆ ಬಾಗಿಲು ದಡಾರನೆ ಎಳೆದೆ. ಆಮೇಲೆ ಸೀಸನ್ ಮುಗಿಯಿತು, ಹನ್ನೊಂದು ಸಲ ಮುಗಿಯಿತು. ನಾವು ಮಾತಾಡಲಿಲ್ಲ. ಅವಳು ಕರೆಯಲಿ ಎಂದು ನಾನು, ಇವಳು ಬರಲಿ ಎಂದು ಅವಳು.

ಈಗ ಯಾಕೆ ಬಂದೆ ಎಂದರೆ, ಒಂದು ನೋಟ್‌ಬುಕ್ಕಿನಿಂದ. ನಾಲ್ಕನೇ ತರಗತಿಯವರಿಗೆ ಕಳೆದ ರಜೆಯ ಬಗ್ಗೆ ಬರೆಯಲು ಹೇಳಿದ್ದೆ. ಒಬ್ಬ ಹುಡುಗಿ ಈ ಊರಿನ ಬಗ್ಗೆ ಬರೆದಿದ್ದಳು. ನೀರಿನ ಪಕ್ಕದ ಮನೆ, ಆರು ಕೋಣೆ, ಹಂಸದ ದೋಣಿ. ಕೊನೆಯಲ್ಲಿ, ಆ ಮನೆಯಲ್ಲಿ ಯಾರೂ ಇರುವುದಿಲ್ಲ, ಒಬ್ಬ ಅಜ್ಜಿ ಮಾತ್ರ ಹಾಸಿಗೆ ಸರಿಮಾಡುತ್ತಾ ಇರುತ್ತಾರೆ ಎಂದು ಬರೆದಿದ್ದಳು. ನನ್ನ ಅಕ್ಕ ಯಾವಾಗ ಅಜ್ಜಿಯಾದಳು? ಆ ಪುಟಕ್ಕೆ ಅಂಕ ಹಾಕಲು ನನ್ನಿಂದ ಆಗಲಿಲ್ಲ. ಬೇಸಗೆ ರಜೆ ಬಿಟ್ಟ ದಿನವೇ ಬ್ಯಾಗು ತುಂಬಿದೆ. ನಮ್ಮ ಮನೆಯವರು, ಅಂತೂ ಬುದ್ಧಿ ಬಂತಲ್ಲ ಎಂದರು.

ಎರಡು ದಿನ ನಾನು ಒಂದನೇ ನಂಬರಿನವಳಾಗಿದ್ದೆ. ಬೆಳಿಗ್ಗೆ ಬಾಗಿಲು ತಟ್ಟಿ ಟೀ ಬಂತು, ಅಕ್ಕನೇ ತಂದಳು, ಸಕ್ಕರೆ ಬೇರೆ ಬಟ್ಟಲಲ್ಲಿ. ನನಗೆ ಎಷ್ಟು ಸಕ್ಕರೆ ಬೇಕೆಂದು ಅವಳಿಗೆ ಗೊತ್ತಿಲ್ಲವೇ? ಅಡುಗೆಮನೆಯ ಕಡೆ ಹೆಜ್ಜೆ ಇಟ್ಟರೆ, ಏನು ಬೇಕಿತ್ತು, ಅಲ್ಲಿಗೇ ಕಳಿಸುತ್ತೇನೆ ಎಂದು ಅಡ್ಡ ನಿಂತಳು. ಅತ್ತ ಬೈಯುವುದೂ ಇಲ್ಲ, ಇತ್ತ ಕರೆಯುವುದೂ ಇಲ್ಲ. ನಾಲ್ಕನೇ ನಂಬರಿನಲ್ಲಿ ಇಬ್ಬರು ಮಕ್ಕಳ ಜೊತೆ ಬಂದಿದ್ದವರಿಗೂ ನನಗೂ ಅವಳು ಒಂದೇ ನಗು ನಕ್ಕಳು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಕಿಟಕಿಯ ಹತ್ತಿರ ಕೂತು ಸರೋವರ ನೋಡಿದೆ. ನೋಡುವುದಕ್ಕೆ ಅಷ್ಟೇನೂ ಇರಲಿಲ್ಲ. ನನಗೆ ಬೇಕಿದ್ದದ್ದು ನೆಲದ ಮೇಲಿನ ಚಾಪೆ, ಪಕ್ಕದಲ್ಲಿ ಅಕ್ಕನ ಮೊಣಕೈ, ಸರಿದು ಮಲಗೇ ಎಂಬ ಗೊಣಗು. ಇಷ್ಟು ವಯಸ್ಸಾದ ಮೇಲೆ ಇದೇನು ಹುಚ್ಚು ಎಂದು ನನಗೇ ನಾಚಿಕೆಯಾಯಿತು.

ಮೂರನೇ ದಿನ ಹನ್ನೊಂದರ ಹೊತ್ತಿಗೆ ಹಿತ್ತಿಲ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಕೇಳಿಸಿತು. ಕೂತಿರಲು ಆಗಲಿಲ್ಲ. ಮನೆಯ ಪಕ್ಕದ ಸಂದಿಯಲ್ಲಿ ಬಳಸಿಕೊಂಡು ಹಿತ್ತಿಲ ಗೇಟು ತಳ್ಳಿ ಒಳಗೆ ಹೋದೆ. ಅಕ್ಕ ಒಬ್ಬಳೇ ಇದ್ದಳು. ಒದ್ದೆ ಹಾಸಿಗೆ ಬಟ್ಟೆಯ ಒಂದು ತುದಿಯನ್ನು ಗೋಡೆಯ ಕಬ್ಬಿಣದ ಕೊಕ್ಕೆಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ಹಿಂಡುತ್ತಿದ್ದಳು. ದೊಡ್ಡ ಬಟ್ಟೆ ಹಿಂಡಲು ಇಬ್ಬರು ಬೇಕು. ಒಂದು ತುದಿ ಅಮ್ಮ ಹಿಡಿಯುತ್ತಿದ್ದಳು, ಅಮ್ಮನಿಲ್ಲದಿದ್ದರೆ ನಾನು. ಹನ್ನೊಂದು ವರ್ಷದಿಂದ ಗೋಡೆ ಹಿಡಿಯುತ್ತಿತ್ತು. ಗಂಟು ಬಿಚ್ಚಿ ಆ ತುದಿ ನಾನು ಹಿಡಿದೆ. ಅವಳು ಬಲಕ್ಕೆ ತಿರುಚಿದಳು, ನಾನು ಎಡಕ್ಕೆ. ನೀರು ಧಾರೆಯಾಗಿ ಇಳಿಯಿತು. ಹಾಗೆಯೇ ನಾಲ್ಕು ಬಟ್ಟೆ ಮುಗಿಸಿದೆವು.

ಐದನೆಯದು ಹಿಡಿದಾಗ ಅವಳೇ ಕೇಳಿದಳು.

"ಮೊನ್ನೆ ಯಾಕೆ ಮುಂಬಾಗಿಲಿಂದ ಬಂದೆ?"

ನಾನು ನನ್ನ ತುದಿಯನ್ನು ಇನ್ನೊಂದು ಸುತ್ತು ತಿರುಚಿದೆ.

"ಸೀಸನ್ನಲ್ಲಿ ಮನೆಯೋರು ಯಾರಾದ್ರೂ ಮುಂಬಾಗಿಲಿಂದ ಬರ್ತಾರೇನೇ? ಬ್ಯಾಗ್ ಹಿಡ್ಕೊಂಡು ಮೇಜಿನ ಮುಂದೆ ನಿಂತೆ. ಇವಳು ರೂಮಿಗೆ ಬಂದಿದಾಳೆ, ನನ್ನ ಹತ್ರ ಬಂದಿಲ್ಲ ಅಂದ್ಕೊಂಡೆ."

ಅಯ್ಯೋ ನನ್ನ ಬುದ್ಧಿಗಿಷ್ಟು! ಹುಟ್ಟಿದ ಮನೆಯ ರೀತಿಯೇ ಮರೆತುಹೋಗುವಷ್ಟು ಪರಕೀಯಳಾಗಿದ್ದೆ ನಾನು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತನ್ನು ಹೇಗೋ ಹೊರಗೆ ಹಾಕಿದೆ. ತಪ್ಪಾಯಿತು ಅಕ್ಕ, ಅವತ್ತು ಹಾಗೆ ಅನ್ನಬಾರದಿತ್ತು ಎಂದೆ.

"ಏನ್ ತಪ್ಪು? ನೀನು ಹೇಳಿದ್ದು ನಿಜಾನೇ. ಕಾಯಬೋದಿತ್ತು. ನಮ್ಮನೇಲಿ ಹೀಗಾಗಿದೆ, ಬೇರೆ ಕಡೆ ನೋಡ್ಕೊಳಿ ಅಂತ ಆರು ರೂಮಿಗೂ ಹೇಳಬೋದಿತ್ತು. ಬಾಯೇ ಬರ್ಲಿಲ್ಲ ಕಣೇ. ಮನೇಲಿ ಜನ ಇದಾರೆ ಅನ್ನೋದೊಂದೇ ತಲೇಲಿ. ಅಮ್ಮನ್ನ ಎತ್ಕೊಂಡು ಹೋಗೋವಾಗ ಬಾಗ್ಲು ಕಿರುಗುಟ್ಟಬಾರ್ದು ಅಂತ ಹಿಡ್ಕೊಂಡು ನಿಂತಿದ್ದೆ, ನೋಡು."

ಆಮೇಲಾದರೂ ಒಂದು ಸಾಲು ಬರೆಯಬಾರದಿತ್ತೇ ಎಂದು ಕೇಳಿದೆ. ಅವಳು ಬಟ್ಟೆಯ ತುದಿ ಬಿಡದೆಯೇ ಒಗೆಯುವ ಕಲ್ಲಿನ ಮೇಲೆ ಕೂತಳು.

"ಏನಂತ ಬರೀಲಿ? ಸೀಸನ್ ಮುಗಿದು ಎಲ್ರೂ ಹೋದ್ಮೇಲೆ, ಈಗ ಅಳೋಣ ಅಂತ ಅಡುಗೆಮನೇಲಿ ಕೂತೆ. ಅಳು ಬರ್ಲೇ ಇಲ್ಲ. ಆ ವರ್ಷವೂ ಬರ್ಲಿಲ್ಲ, ಮುಂದಿನ ವರ್ಷವೂ ಬರ್ಲಿಲ್ಲ. ಒಬ್ಳೇ ಹೇಗೆ ಅಳೋದು? ಯಾರ ಮುಖ ನೋಡ್ಕೊಂಡು ಅಳೋದು?"

ಅಷ್ಟು ಹೇಳಿ ನನ್ನ ಮುಖ ನೋಡಿದಳು. ನಾನು ಅಮ್ಮನ ಹಾಗೇ ಇದ್ದೇನೆ ಎಂದು ಎಲ್ಲರೂ ಹೇಳುವುದುಂಟು, ಮೂಗು, ಗಲ್ಲ, ಎಲ್ಲ ಅವಳದೇ. ಅಕ್ಕನ ಬಾಯಿ ಸೊಟ್ಟಗಾಯಿತು. ಮೊದಲು ಸದ್ದು ಬರಲಿಲ್ಲ, ಆಮೇಲೆ ಬಂದ ಸದ್ದನ್ನು ನಾನು ಆ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಬಟ್ಟೆ ಕೆಸರಿಗೆ ಬಿತ್ತು. ನಾನು ನೆಲದ ಮೇಲೆ ಕೂತು ಅವಳ ಮಡಿಲಿಗೆ ತಲೆ ಕೊಟ್ಟೆ, ಇಬ್ಬರೂ ಬಾಯಿ ಬಿಟ್ಟು ಅತ್ತೆವು. ನನಗೆ ಅಮ್ಮ ಬೇಕಿತ್ತು, ಅಕ್ಕ ಬೇಕಿತ್ತು, ಕಳೆದುಹೋದ ಅಷ್ಟೂ ವರ್ಷ ಬೇಕಿತ್ತು.

ಮೇಲೆ ಒಂದೆರಡು ಕಿಟಕಿ ತೆರೆದುಕೊಂಡವು. ಸ್ವಲ್ಪ ಹೊತ್ತಿಗೆ ನಾಲ್ಕನೇ ನಂಬರಿನ ಗಂಡಸು ಅಡುಗೆಮನೆ ದಾಟಿ ಹಿತ್ತಿಲ ಬಾಗಿಲವರೆಗೆ ಬಂದರು. ಕೈಯಲ್ಲಿ ಫ್ಲಾಸ್ಕು. ಮಗುವಿನ ಹಾಲಿಗೆ ಬಿಸಿನೀರು ಬೇಕಿತ್ತು ಎಂದು ತಡವರಿಸಿದರು. ಅಕ್ಕ ಎದ್ದುಬಿಡುತ್ತಾಳೆ ಎಂದುಕೊಂಡು ನಾನು ತಲೆ ಎತ್ತಿದೆ. ಅವಳು ನನ್ನ ತಲೆಯನ್ನು ಕೈಯಿಂದ ಮತ್ತೆ ಮಡಿಲಿಗೆ ಒತ್ತಿಕೊಂಡಳು. ಕಣ್ಣು ಒರೆಸಿಕೊಳ್ಳಲಿಲ್ಲ.

"ಒಲೆ ಮೇಲಿದೆ, ನೀವೇ ತಗೊಳಿ" ಎಂದಳು. "ನಮ್ಮಮ್ಮ ತೀರ್ಕೊಂಡಿದಾಳೆ."

ಆತ ಗಾಬರಿಯಾಗಿ, ಅಯ್ಯೋ, ಯಾವಾಗ, ನಮಗೆ ಗೊತ್ತೇ ಆಗಲಿಲ್ಲವಲ್ಲ ಎಂದರು.

"ನನ್ನ ತಂಗಿ ಈಗ ಬಂದ್ಲು" ಎಂದಳು ಅಕ್ಕ.