ಚಿಪ್ಪಕ್ಕನ ಬಲಗಿವಿ

ಬೆಳಗಿನ ಐದೂವರೆ. ಹೋಟೆಲಿನ ಅಡುಗೆಮನೆ ಹಿಂಬಾಗಿಲಲ್ಲಿ ಮಣೆ ಹಾಕಿ ಕುಳಿತ ಚಿಪ್ಪಕ್ಕ ಚೀಲಕ್ಕೆ ಕೈ ಹಾಕಿ ಎರಡು ಕಪ್ಪೆಚಿಪ್ಪು ತೆಗೆಯುತ್ತಾರೆ. ಒಂದಕ್ಕೊಂದು ತಟ್ಟಿ ಕಿವಿಗೊಡುತ್ತಾರೆ. ಟಕ್. ಎರಡೂ ಬುಟ್ಟಿಗೆ. ಮುಂದಿನದು ಟೊಳ್ಳು, ಕಸಕ್ಕೆ.

"ಜೀವ ಇರೋದು ಟಕ್ ಅನ್ನುತ್ತೆ, ಸತ್ತಿದ್ದು ಟೊಳ್ಳು. ಕೆಸರು ತುಂಬಿರೋದು ಮಾತ್ರ ಮಹಾ ಕಳ್ಳ. ಸತ್ತಿದ್ರೂ ಬಾಯಿ ಮುಚ್ಕೊಂಡು ಭಾರವಾಗಿ ಕೂತಿರುತ್ತೆ. ಕಿವಿಗೆ ಬಿಟ್ರೆ ಯಾರಿಗೂ ಸಿಗಲ್ಲ."

ಬಂದರಿನಲ್ಲಿ ಅತ್ತೆ ಕಲಿಸಿದ ವಿದ್ಯೆ. ಇಲ್ಲಿ ಹನ್ನೊಂದು ವರ್ಷ. ದಿನಕ್ಕೆ ನಲವತ್ತು ಕಿಲೋ, ಸುಮಾರು ಎರಡು ಸಾವಿರ ಚಿಪ್ಪು, ಒಂದೊಂದನ್ನೂ ತಟ್ಟಲೇಬೇಕು. ಒಳಗೆ ಅವು ಸ್ಪೇನಿನ ಪಯೆಲ್ಲಾ, ಫ್ರಾನ್ಸಿನ ಬುಯಾಬೇಸ್, ಥಾಯ್ ಟಾಮ್ ಯಮ್ ಆಗುತ್ತವೆ. ಚಿಪ್ಪಕ್ಕನಿಗೆ ಅವು ಹಳದಿ ಅನ್ನ, ಕೇಸರಿ ಸಾರು, ಹುಳಿ ಸಾರು. "ಆ ಹೆಸರು ಹೇಳೋಷ್ಟರಲ್ಲಿ ಊಟ ಆರಿಹೋಗುತ್ತೆ," ಎನ್ನುತ್ತಾರೆ. ನಗುವುದಿಲ್ಲ.

ನಗದಿರಲು ಕಾರಣವಿದೆ. ಹೋದ ಶನಿವಾರ ಬುಯಾಬೇಸ್ ಹಂಡೆಯಲ್ಲಿ ಕೆಸರು ಕಂಡಿತು. ನಲವತ್ತು ಜನರ ಸಾರು ಮೋರಿ ಪಾಲು. ಹಂಡೆ ಸರಿಯಾಗಿ ತೊಳೆದಿರಲಿಲ್ಲ ಎಂದು ಮುಖ್ಯ ಬಾಣಸಿಗ ತೀರ್ಮಾನಿಸಿದ. ಪಾತ್ರೆ ತೊಳೆಯುವ ಹೆಂಗಸಿಗೆ ಇಂದು ಕೊನೆಯ ದಿನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಅವಳು ಎದುರಿಗೇ ಅದೇ ಹಂಡೆಯನ್ನು ಉಜ್ಜುತ್ತಿದ್ದಾಳೆ, ತಲೆ ಎತ್ತದೆ.

ಚಿಪ್ಪಕ್ಕ ಪ್ರತಿ ಸಲವೂ ಕತ್ತು ತಿರುಗಿಸಿ ಎಡಗಿವಿ ಕೊಡುವುದು ಪತ್ರಿಕೆಯಿಂದ ಬಂದಿರುವ ನನ್ನ ಕಣ್ಣಿಗೆ ಬೀಳುತ್ತದೆ. ಕೇಳಿಯೇಬಿಡುತ್ತೇನೆ.

"ಬಲಗಿವಿ ಎರಡು ತಿಂಗಳಿಂದ ಕೇಳ್ತಿಲ್ಲ," ಪಿಸುಗುಟ್ಟುತ್ತಾರೆ. "ಕೈ ಮಾತ್ರ ಹಳೇ ಅಭ್ಯಾಸದಲ್ಲಿ ಬಲಕ್ಕೇ ಹೋಗುತ್ತೆ. ಶನಿವಾರ ಹೋಗಿತ್ತು. ಹೇಳಿದ್ರೆ ನನ್ನ ಅನ್ನಕ್ಕೇ ಕಲ್ಲು."

ಹೊಗಳಿ ಬರೆಯಲು ಬಂದ ನಾನು ಪೆನ್ನು ಮುಚ್ಚುತ್ತೇನೆ. ಈಕೆಯ ಮೇಲೆ ಸಿಟ್ಟೂ ಬರುತ್ತದೆ, ಅಯ್ಯೋ ಅನ್ನಿಸುತ್ತದೆ ಕೂಡ.

ಬಾಣಸಿಗ ಬಾಗಿಲಿಗೆ ಬರುತ್ತಾನೆ. "ಬೇಗ ಆಗ್ಲಿ, ಚಿಪ್ಪಕ್ಕ. ಹನ್ನೆರಡಕ್ಕೆ ಇನ್ನೂರು ಜನ ಊಟಕ್ಕೆ." ಹಾಗೇ ಪಾತ್ರೆಯವಳಿಗೆ, "ನೀನು ಅದನ್ನ ಮುಗಿಸಿ ಹೊರಡು."

ಚಿಪ್ಪಕ್ಕನ ಕೈ ನಿಲ್ಲುತ್ತದೆ. ಮೊಣಕಾಲು ಹಿಡಿದು ಎದ್ದು ನಿಲ್ಲುತ್ತಾರೆ.

"ಅವಳ ಹಂಡೆ ಚೊಕ್ಕ ಇತ್ತು. ಕೆಸರಿನ ಚಿಪ್ಪು ಬಿಟ್ಟಿದ್ದು ನಾನು. ನನ್ನ ಈ ಕಿವಿ ಹೋಗಿದೆ."

ಉಜ್ಜುವ ಸದ್ದು ನಿಲ್ಲುತ್ತದೆ. ಬಾಣಸಿಗ ಬುಟ್ಟಿಯಿಂದ ಎರಡು ಚಿಪ್ಪು ಎತ್ತಿ ತಾನೇ ತಟ್ಟುತ್ತಾನೆ. ಇನ್ನೆರಡು. ಮತ್ತೆರಡು. ಎಲ್ಲವೂ ಟಕ್.

"ಇನ್ನೂ ಅರ್ಧ ಚೀಲ ಇದೆಯಲ್ಲ?"

"ಅವಳನ್ನ ನನ್ನ ಬಲಕ್ಕೆ ಕೂರಿಸಿ. ಕಲಿಸ್ತೀನಿ. ಆಮೇಲೆ ನನ್ನ ಕಳಿಸೋದಾದ್ರೆ ಕಳಿಸಿ."

"ಮೊದಲು ಚೀಲ ಮುಗಿಸಿ. ಇಬ್ಬರೂ. ಆಮೇಲಿಂದು ಆಮೇಲೆ," ಎಂದು ಅವನು ಒಳಗೆ ಹೋಗುತ್ತಾನೆ.

ಪಾತ್ರೆಯವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಬಲಕ್ಕೆ ಕೂರುತ್ತಾಳೆ. "ಒಂದು ವಾರ ನನ್ನ ಮುಖ ನೋಡ್ಕೊಂಡೇ ಇದ್ಯಲ್ಲಕ್ಕಾ," ಎನ್ನುತ್ತಾಳೆ. ಚಿಪ್ಪಕ್ಕ ಚೀಲಕ್ಕೆ ಕೈ ಹಾಕುತ್ತಾರೆ. ಎರಡು ಚಿಪ್ಪು ಅವಳ ಕೈಗಿಡುತ್ತಾರೆ. ಅವಳು ತಟ್ಟಿ ಕೇಳಿ, ಒಂದನ್ನು ಕಸಕ್ಕೆ ಎಸೆಯುತ್ತಾಳೆ. ಅಲ್ಲಿ ಅದು ಒಡೆದಾಗ ಒಳಗಿರುವುದು ಬರೀ ಕೆಸರು.

ಹೊರಡುವಾಗ ಫೋಟೋ ಕೇಳುತ್ತೇನೆ. ಚಿಪ್ಪಕ್ಕ ತಲೆ ಅಲ್ಲಾಡಿಸುತ್ತಾರೆ.

"ನನ್ನ ಮುಖ ಯಾಕೆ? ಅವಳ ಹಂಡೆ ಚೊಕ್ಕ ಇತ್ತು ಅಂತ ಬರೀರಿ. ದಪ್ಪ ಅಕ್ಷರದಲ್ಲಿ."