ಕೆಳಮನೆಯ ವಾಲ್‌ನಟ್ ಬಳ್ಳಿ

ಈ ನಿರೂಪಣೆಯಲ್ಲಿ ಲೋಪಗಳಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಕೆಳಮನೆಯ ಮೇಡಂ ಅವರ ಗತ್ತನ್ನು ಅಕ್ಷರದಲ್ಲಿ ಹಿಡಿಯುವುದು ನನ್ನ ಶಕ್ತಿಗೆ ಮೀರಿದ್ದು.

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ನಮ್ಮ ಕೆಳಮನೆಯಲ್ಲಿ ನೈಜೀರಿಯಾದ ಉಪನ್ಯಾಸಕಿಯೊಬ್ಬರಿದ್ದರು. ಅವರು ತಮ್ಮ ಊರಿನ ಬೀಜದಿಂದ ಬೆಳೆಸಿದ ಆಫ್ರಿಕನ್ ವಾಲ್‌ನಟ್ ಬಳ್ಳಿ ನಮ್ಮ ಬಾಲ್ಕನಿಯವರೆಗೂ ಹತ್ತಿತ್ತು. ಯಾರಾದರೂ ಆಕ್ಷೇಪಿಸಿದರೆ ಗಲ್ಲವೆತ್ತಿ, "ಹಬ್ಬುವುದು ಅದರ ಕೆಲಸ" ಎನ್ನುತ್ತಿದ್ದರು.

ಲಾಕ್‌ಡೌನ್ ಕಾಲದಲ್ಲಿ ಬಳ್ಳಿ ಮೊದಲ ಬಾರಿಗೆ ಕಾಯಿ ಬಿಟ್ಟಿತು. ಆಗಲೇ ಕಟ್ಟಡದ ಮ್ಯಾನೇಜರ್ ಕತ್ತರಿ ಹಿಡಿದು ಬಂದರು.

"ದೂರು ಬಂದಿದೆ ಲಾ, ಮೇಡಂ. ಕತ್ತರಿಸಲೇಬೇಕು," ಎಂದರು, ಅಲ್ಲಿಯವರ ರೂಢಿಯಂತೆ ಮಾತಿಗೆ 'ಲಾ' ಸೇರಿಸಿ.

ಉಪನ್ಯಾಸಕಿ ಬಳ್ಳಿಯ ಬುಡದಲ್ಲಿ ಕುರ್ಚಿ ಹಾಕಿ ಕುಳಿತು, ಮಾಸ್ಕ್ ಸರಿಪಡಿಸಿಕೊಂಡರು.

"ವಿಮಾನಗಳಿಲ್ಲ, ನಾನು ಊರಿಗೆ ಹೋಗಲಾರೆ. ನನ್ನ ಊರಿನ ರುಚಿ ಇಲ್ಲಿ ಕಾಯಾಗಿದೆ. ಮೊದಲು ನನ್ನನ್ನು ಎತ್ತಿ, ಅಂತರ ಕಾಪಾಡಿಕೊಂಡೇ ಎತ್ತಿ!"

ಮ್ಯಾನೇಜರ್ ನಮ್ಮತ್ತ ತಲೆಯೆತ್ತಿದರು. "ನೀವಾದರೂ ಮೇಲಿನಿಂದ ಕತ್ತರಿಸಿ ಲಾ."

ಅಮ್ಮ ನನ್ನ ಬೆನ್ನಿಗೆ ತಿವಿದರು. "ಹೇಳು ಮಗಾ, ನಮಗೇನೂ ತೊಂದರೆ ಇಲ್ಲ ಅಂತ."

ಪರದೇಶದಲ್ಲಿ ತಕರಾರಾದರೆ ವೀಸಾಕ್ಕೆ ತೊಂದರೆಯಾದೀತೆಂಬ ಭಯವಿದ್ದರೂ ಹಾಗೆಯೇ ಹೇಳಿದೆ. ಕೆಳಗಿನಿಂದ ಚಪ್ಪಾಳೆ ಕೇಳಿಸಿತು. ಮ್ಯಾನೇಜರ್ ಕತ್ತರಿ ಮಡಚಿ ಹೊರಟರು. ಸಂಜೆ ಬೇಯಿಸಿದ ಬೀಜಗಳ ಬಟ್ಟಲು ನಮ್ಮ ಬಾಗಿಲಿಗೆ ಬಂತು.

ಅಲ್ಲಿಯವರೆಗೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲೂ ಮ್ಯಾನೇಜರ್ ಅಪ್ಪಣೆ ಕೇಳುತ್ತಿದ್ದ ನಮ್ಮ ಮನೆಯವರು ಅನಂತರ ಕೇಳುವುದನ್ನು ಬಿಟ್ಟರು. ಅಮ್ಮ ಆ ಬಳ್ಳಿ ಹತ್ತಿದ್ದ ಬಾಲ್ಕನಿ ಕಂಬಿಗೇ ಬಸಳೆ ಹಬ್ಬಿಸಿದರು.