ಬೆಳಕು ಬರ್ಲಿ ಅಂತ ಕೆಡವಿದ ಗ್ವಾಡಿ

ಮನಿಗೆ ಬಂದೋರ ಬಗ್ಗೆ ಪಿಸುಪಿಸು ಮಾತಾಡಾಕ ನಿಮ್ಮನ್ಯಾಗ ಒಂದು ಗ್ವಾಡಿನಾದ್ರೂ ಐತೇನ್ರಿ? ಇದ್ರ ಅದನ್ನ ಕೆಡವಬ್ಯಾಡ್ರಿ.

ಹೋದ ವಾರ ಮೊಮ್ಮಗಳನ್ನ ನೋಡಾಕ ಸಂಡೂರಿಂದ ಗಂಡಿನ ಕಡೆಯೋರು ಹೊಸಪೇಟಿಗೆ, ನಮ್ಮ ಮನಿಗೆ ಬಂದಿದ್ರು. ಹುಡುಗ ಚಲೋ ಇದ್ದ. ನಮ್ಮ ಹುಡುಗಿನೂ ಅವನ್ನ ಕದ್ದು ಕದ್ದು ನೋಡಿ ನಗಾಕತ್ತಿದ್ಲು. ಆದ್ರ ಅವನ ತಾಯಿ ಕುಂತ ಗತ್ತು ನೋಡಿ ನನ್ನ ಹೊಟ್ಯಾಗ ಮಾತು ನಿಲ್ಲಲಿಲ್ಲ. ಎದ್ದು, ಮಿರ್ಚಿ ಕರಿಯಾಕತ್ತಿದ್ದ ಸೊಸಿ ಹತ್ರ ಹೋದೆ. ನನಗ ಕಿವಿ ಮಂದ, ಹಂಗಾಗಿ ನನ್ನ ಪಿಸುಮಾತು ಸ್ವಲ್ಪ ದೊಡ್ಡದು.

"ಲೇ, ಹುಡುಗ ಬಂಗಾರದಂಥವ. ಅವನ ಅವ್ವ ಮಾತ್ರ ಭಾಳ ಜೋರದಾಳ!"

ಸೊಸಿ ಕಣ್ಣು ಕಣ್ಣು ಬಿಟ್ಲು. ತಿರುಗಿ ನೋಡಿದ್ರ, ಬಂದೋರೆಲ್ಲ ನನ್ನನ್ನೇ ನೋಡಾಕತ್ತಾರ! ಹಳೇ ಮನಿಗೆ ಬೆಳಕು ಬರ್ಲಿ ಅಂತ ಮಗ ಅಡಿಗಿಮನಿ ಗ್ವಾಡಿ ಕೆಡವಿಸಿ ಓಪನ್ ಕಿಚನ್ ಮಾಡಿಸಿದ್ದು ನನಗ ಮರತೇ ಹೋಗಿತ್ತು. ಅದ್ಯಾವ ಬೆಳಕೋ ಏನೋ, ನನ್ನ ಬಾಯಿನೂ ಎಲ್ರಿಗೂ ಕಾಣಂಗಾತು. ಸಂಬಂಧ ಹೋತು ಅಂತ ಮೊಮ್ಮಗಳ ಮಾರಿ ಇಷ್ಟಾತು.

ಹುಡುಗನ ತಾಯಿ ತಟ್ಟ್ಯಾಗಿನ ಮಿರ್ಚಿ ಮುರಕೊಂತ ಅಂದ್ರು: "ಅಮ್ಮಾರ, ನಾನು ಜೋರ್ ಇರೋದಕ್ಕ ನಮ್ಮ ಅಡಿಗಿಮನಿ ಗ್ವಾಡಿ ಇನ್ನೂ ಉಳದೈತ್ರಿ. ನಿಮ್ಮ ಹುಡುಗಿನ ಕಳಿಸ್ರಿ, ಅದರ ಹಿಂದ ನಿಂತು ಆರಾಮಾಗಿ ನನ್ನ ಬೈಲಿ!"